ಟೊಪ್ಪಿಗೆಯ ಕೆಳಗಿನ ರುಮಾಲು

ರಾಣೆಬೆನ್ನೂರಿನ ಹೊರಗೆ ಬೀಜದ ಕಂಪನಿಯೊಂದರ ಗೋದಾಮು ಏಳುತ್ತಿದ್ದ ವರ್ಷ, ಗೌಂಡಿ ಮೈಲಾರೆಪ್ಪನ ತಲೆಗೆ ಹಳದಿ ಹೆಲ್ಮೆಟ್ ಬಂತು. ಬ್ಯಾಡಗಿಯಿಂದ ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಕೆಲಸಕ್ಕೆ ಬರುವ ಗಂಡಹೆಂಡಿರು ಅವರು. ಅವನು ಬಿದಿರಿನ ಅಟ್ಟಣಿಗೆಯ ಮೇಲೆ ನಿಂತು ಗೋಡೆ ಕಟ್ಟುವನು. ಹೆಂಡತಿ ಪ್ರೇಮವ್ವ ಕಲಸಿದ ಸಿಮೆಂಟನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಮೇಲಕ್ಕೆ ಕೊಡುವಳು. ಬುಟ್ಟಿಗೂ ತಲೆಗೂ ನಡುವೆ ಹಳೆಯ ಸೀರೆಯ ಚೂರಿನ ಸಿಂಬಿ.

ಕಂಪನಿಯ ದೊಡ್ಡ ಸಾಹೇಬರೊಬ್ಬರು ಬಂದು, ಹೆಲ್ಮೆಟ್ ಇಲ್ಲದವರು ಅಟ್ಟಣಿಗೆ ಹತ್ತಕೂಡದು ಎಂದು ಅಪ್ಪಣೆ ಕೊಟ್ಟು ಕಾರು ಹತ್ತಿದ್ದರು. ಸಾಹೇಬರಿಗೇನು, ಬಾಯಿಮಾತು! ಹೆಲ್ಮೆಟ್ಟುಗಳು ಗೋಣಿಚೀಲದಲ್ಲಿ ಬಂದವು. ಒಳಗಿನ ಪಟ್ಟಿ ಹರಿದವು, ಗದ್ದಕ್ಕೆ ಕಟ್ಟುವ ದಾರವೇ ಇಲ್ಲದವು. ಗಂಡಸರು ಬಗ್ಗಿದಾಗಲೆಲ್ಲ ಒಂದೊಂದಾಗಿ ಕೆಳಗೆ ಉರುಳುತ್ತಿದ್ದವು. ಮೈಲಾರೆಪ್ಪ ಮಾತ್ರ ತನ್ನ ರುಮಾಲು ಬಿಚ್ಚಲು ಒಪ್ಪಲಿಲ್ಲ. ಮನೆಯಲ್ಲಿ ಸಾವಾದಾಗಲ್ಲದೆ ಅವನು ನಾಲ್ಕು ಜನರ ಮುಂದೆ ಬರಿದಲೆಯಲ್ಲಿ ನಿಂತವನೇ ಅಲ್ಲ. ರುಮಾಲಿನ ಮೇಲೆಯೇ ಹೆಲ್ಮೆಟ್ ಒತ್ತಿಕೊಂಡ. ಅದು ಗಟ್ಟಿಯಾಗಿ ಕೂತುಬಿಟ್ಟಿತು.

"ಅಯ್ಯ, ಕುಂಬಳಕಾಯಿ ಬೋರಲ ಹಾಕ್ಕೊಂಡಾಂಗ ಕಾಣಾಕತ್ತೀರಿ ನೋಡ್ರಿ," ಎಂದು ಪ್ರೇಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಅವನೂ ನಕ್ಕ. ಆದರೆ ಮೇಲೆ ನಿಂತು ಕೆಳಗೆ ನೋಡಿದಾಗ ಅವನ ನಗು ಅಡಗಿತು. ಹೆಂಗಸರೆಲ್ಲ ಬರೀ ಸಿಂಬಿಯಲ್ಲಿ ಅಟ್ಟಣಿಗೆಯ ಬುಡದಲ್ಲೇ ಓಡಾಡುತ್ತಿದ್ದರು. ಅವರಿಗೆ ಒಂದೂ ಹೆಲ್ಮೆಟ್ ಬಂದಿರಲಿಲ್ಲ. ಅಂದಿನಿಂದ ಅವನಿಗೆ ಅದೇ ಚಿಂತೆ ಹತ್ತಿತು.

ಮೇಸ್ತ್ರಿ ಪ್ರಭುಲಿಂಗಪ್ಪನನ್ನು ಕೇಳಿದರೆ, "ಅವರಿಗೆ ಹೆಲ್ಮೆಟ್ ಕೊಟ್ರ ಬುಟ್ಟಿ ನಿನ್ನ ತಲೀ ಮ್ಯಾಲ ಇಡ್ಲೇನೋ?" ಎಂದ. ಮೈಲಾರೆಪ್ಪ ಎಂಜಿನಿಯರ್ ಸದಾಶಿವನ ಹತ್ತಿರ ಹೋದ.

"ನಾ ಮ್ಯಾಲ ಇರ್ತೇನ್ರಿ ಸಾಹೇಬ್ರ. ನನ್ನ ಮ್ಯಾಲ ಬಿದ್ರ ಆಕಾಶ ಬೀಳಬೇಕು. ಬೀಳೋದೆಲ್ಲಾ ಕೆಳಗಿನವರ ಮ್ಯಾಲ ಅಲ್ಲೇನ್ರಿ?"

ಸದಾಶಿವ ಒಳ್ಳೆಯ ಹುಡುಗ. ಒಳ್ಳೆಯತನಕ್ಕೆ ಅಲ್ಲಿ ಬೆಲೆ ಎಷ್ಟಿತ್ತು ಎಂಬುದು ಬೇರೆ ಮಾತು. ಚೀಲದಲ್ಲಿ ಉಳಿದಿದ್ದ ಒಂದು ಹೆಲ್ಮೆಟ್ ತಂದು ತಾನೇ ಪ್ರೇಮವ್ವನ ಕೈಗೆ ಕೊಟ್ಟ. ಆಕೆ ಹಾಕಿಕೊಂಡು, ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಇಟ್ಟಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನುಣ್ಣನೆಯ ಪ್ಲಾಸ್ಟಿಕ್ಕಿನ ಮೇಲಿಂದ ಬುಟ್ಟಿ ಜಾರಿ ಸಿಮೆಂಟೆಲ್ಲ ಅವಳ ಹೆಗಲ ಮೇಲೆ ಸುರಿಯಿತು. ಎಲ್ಲರೂ ಹೋ ಎಂದು ನಕ್ಕರು.

"ಬುಟ್ಟಿ ಬೇಕೋ ಟೊಪ್ಪಿಗಿ ಬೇಕೋ, ಒಂದು ಹೇಳಬೇ," ಎಂದ ಮೇಸ್ತ್ರಿ.

ಬುಟ್ಟಿ ಇಲ್ಲದಿದ್ದರೆ ಕೆಲಸವಿಲ್ಲ. ಪ್ರೇಮವ್ವ ಹೆಲ್ಮೆಟ್ ತೆಗೆದು ಚೀಲಕ್ಕೆ ಹಾಕಿದಳು. ಸಾಮಾನು ಎಳೆಯಲು ರಾಟೆ ಹಾಕಿಸುತ್ತೇನೆ ಎಂದು ಸದಾಶಿವ ಮಾತು ಕೊಟ್ಟ. ಆ ರಾಟೆ ಇಂದಿಗೂ ಬಂದಿಲ್ಲ.

ಅಂದು ಸಂಜೆ ಗಾಡಿಯಲ್ಲಿ ಮೈಲಾರೆಪ್ಪ ತನ್ನ ರುಮಾಲು ಬಿಚ್ಚಿ, ಹೊಸೆದು, ಸುತ್ತಿ, ದಪ್ಪನೆಯ ಸಿಂಬಿ ಮಾಡಿದ. ಅವನ ಕೈಲಾದದ್ದು ಅಷ್ಟೇ.

"ಬರಿದಲೀಲೆ ಯಾಕ ಕುಂತೀರಿ? ನಾ ಏನ್ ಸತ್ತೇನೇನು?" ಪ್ರೇಮವ್ವ ಸಿಡಿಮಿಡಿಗೊಂಡಳು.

"ನನಗ ಹೆಲ್ಮೆಟ್ ಐತಿ ಬಿಡು. ನೀ ಇದನ್ನ ಇಟ್ಕೋ. ಮೆತ್ತಗ ಆಕ್ಕೈತಿ."

ಆಕೆ ಬೈಯುತ್ತಲೇ ಇಸಿದುಕೊಂಡಳು. ಆದರೆ ಬ್ಯಾಡಗಿ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ರುಮಾಲಿಲ್ಲದ ತಲೆಗೆ ಹೆಲ್ಮೆಟ್ ಸಡಿಲಾಯಿತು. ಎರಡು ದಿನ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡಿದ. ಮೂರನೆಯ ದಿನ ಪ್ರೇಮವ್ವ ತುಂಬಿದ ಬುಟ್ಟಿ ಮೇಲೆ ಕೊಟ್ಟು, ಖಾಲಿ ಬುಟ್ಟಿ ಸೊಂಟಕ್ಕಿಟ್ಟು ಹೊರಳಿದ್ದಳು. ಮೈಲಾರೆಪ್ಪ ಬಗ್ಗಿದ. ಹೆಲ್ಮೆಟ್ ಜಾರಿತು. ಅವಳ ಮೇಲೆ ಬಿದ್ದೀತು ಎಂದು ಗಾಬರಿಯಾಗಿ ಹಿಡಿಯಲು ಕೈ ಚಾಚಿದ. ಹೆಲ್ಮೆಟ್ ಸಿಕ್ಕಿತು. ಮೊಣಕೈ ಬಡಿದು, ಅಂಚಿನಲ್ಲಿ ಒಟ್ಟಿದ್ದ ಇಟ್ಟಿಗೆಗಳು ಕೆಳಗೆ ಹೋದವು.

ಸಿಂಬಿ ತಲೆಯ ಮೇಲೆಯೇ ಇತ್ತು. ಇಟ್ಟಿಗೆ ಬಿದ್ದದ್ದು ಅದರ ಹಿಂದೆ, ಕತ್ತಿನ ಮೇಲಿನ ಹೆಡಕಿಗೆ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರೇಮವ್ವ ಹೋಗಿದ್ದಳು.

"ನನ್ನ ಕೈ ಬಡದು ಬಿದ್ದಾವ್ರಿ, ನಾನಽ ಕೊಂದೇನ್ರಿ," ಎಂದು ಮೈಲಾರೆಪ್ಪ ಕಂಡಕಂಡವರ ಮುಂದೆ ಹೇಳಿದ. ಕೇಳುವವರು ಯಾರಿದ್ದರು? ಆಕೆ ಹೆಲ್ಮೆಟ್ ಹಾಕಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಕಂಪನಿಯವರು ಮಾತು ಮುಗಿಸಿದರು. ಸದಾಶಿವ ತಲೆ ತಗ್ಗಿಸಿ ನಿಂತ.

ದಿನಕರ್ಮ ಮುಗಿದ ಮೇಲೆ ಮೈಲಾರೆಪ್ಪ ಮತ್ತೆ ಕೆಲಸಕ್ಕೆ ಬಂದ. ಹೊಟ್ಟೆ ಬಿಡಬೇಕಲ್ಲ. ಪ್ರೇಮವ್ವನ ಜೋಡಿ ಬುಟ್ಟಿ ಹೊರುತ್ತಿದ್ದ ಸಕೀನಾಬಿ ಎದುರು ಬಂದು, ಮಡಚಿದ ಬಟ್ಟೆಯೊಂದನ್ನು ಅವನ ಕೈಗಿಟ್ಟಳು.

"ತೊಳದೇನಿ ಅಣ್ಣಾ. ರಕ್ತದ ಕಲಿ ಪೂರಾ ಹೋಗಿಲ್ಲ."

ಅವನು ರುಮಾಲು ಬಿಡಿಸಿ ಬರಿದಲೆಗೆ ಸುತ್ತಿದ. ಮೇಲೆ ಹೆಲ್ಮೆಟ್ ಒತ್ತಿ ಅಟ್ಟಣಿಗೆ ಹತ್ತಿದ.

"ಎಲ್ಲಾರೂ ಮೈಲಾರೆಪ್ಪನ್ನ ನೋಡಿ ಕಲೀರಿ," ಮೇಸ್ತ್ರಿ ಕೆಳಗಿನಿಂದ ಕೂಗಿದ. "ಹೆಲ್ಮೆಟ್ ಅಂದ್ರ ಹಂಗ ಕುಂದರಬೇಕು."

ಸಕೀನಾಬಿ ಸಿಂಬಿಯ ಮೇಲೆ ಬುಟ್ಟಿ ಹೊತ್ತು ಅಟ್ಟಣಿಗೆಯ ಬುಡಕ್ಕೆ ಬಂದಳು. ಮೈಲಾರೆಪ್ಪ ಬಗ್ಗಿ ಎರಡೂ ಕೈಯಿಂದ ಬುಟ್ಟಿ ತೆಗೆದುಕೊಂಡ. ಹೆಲ್ಮೆಟ್ ಅಲುಗಲಿಲ್ಲ.