ಐವತ್ತು ವರ್ಷ, ಶೂನ್ಯ ಅಪಘಾತ

ರೈಲು ಹಳಿ ಸರಿಪಡಿಸುವ ಯಂತ್ರ ತಯಾರಿಸುವ ತಕೆಮೊರಿ ಕಂಪನಿಗೆ 2007ರಲ್ಲಿ ಐವತ್ತು ತುಂಬಿತು. ಅದರ ಚರಿತ್ರೆ ಬರೆಯುವ ಭಾರ ಸಿಡ್ನಿಯ ಪ್ಯಾರಮಟ್ಟಾ ಆಫೀಸಿನ ಅಹಲ್ಯಾಳ ಮೇಲೆ ಬಿತ್ತು. ಒಸಾಕಾದ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕಂಪನಿ. ಅದರ ಹೆಮ್ಮೆಯೆಂದರೆ ಬೆರಳು ತೋರಿಸಿ ಕೂಗುವ ಪದ್ಧತಿ. ಯಂತ್ರ ಹೊರಡುವ ಮುನ್ನ ಒಬ್ಬ ಬೆರಳು ಚಾಚಿ "ಹಳಿ ಸರಿ!" ಎನ್ನಬೇಕು, ಸುತ್ತಲಿದ್ದವರೆಲ್ಲ "ಸರಿ!" ಎನ್ನಬೇಕು. ಒಂದು ದನಿ ಕಡಿಮೆಯಾದರೂ ಯಂತ್ರ ಕದಲುವಂತಿಲ್ಲ.

ಕೊನೆಯ ಅಧ್ಯಾಯದಲ್ಲಿ ಅವಳು ಬಾಳಪ್ಪನ ಹೆಸರು ಬರೆದಳು. ಹುಬ್ಬಳ್ಳಿಯ ಫಿಟ್ಟರ್, ಮೆಲ್ಬರ್ನ್ ಯಾರ್ಡಿನಲ್ಲಿ ಬಲಗೈಯ ತೋರುಬೆರಳನ್ನು ಯಂತ್ರಕ್ಕೆ ಸಿಕ್ಕಿಸಿಕೊಂಡು ಕಳೆದುಕೊಂಡವನು. ಅದು ಅಪಘಾತವೆಂದು ಕಂಪನಿ ಒಪ್ಪಿದರೆ ಅವನಿಗೆ ಬೇರೆ ಕೆಲಸ ಕೊಡಬೇಕು. ಒಪ್ಪದಿದ್ದರೆ ತಿಂಗಳೊಳಗೆ ಕೆಲಸವೂ ಇಲ್ಲ, ವೀಸಾವೂ ಇಲ್ಲ.

ಕರಡು ಒಸಾಕಾಕ್ಕೆ ಹೋಗಿ ಏಳು ಅಧಿಕಾರಿಗಳ ಕೆಂಪು ಮುದ್ರೆ ಹೊತ್ತು ಮರಳಿತು. ಮೊದಲ ಮುದ್ರೆಗೆ 'ತುಂಡಾಯಿತು' ಎಂಬುದು 'ಗಾಯವಾಯಿತು' ಆಗಿತ್ತು, ಮೂರನೆಯದಕ್ಕೆ 'ಅನನುಕೂಲ'. ಏಳನೆಯದಕ್ಕೆ ಬಾಳಪ್ಪನೇ ಇರಲಿಲ್ಲ.

"ಸಾರ್, ಬೆರಳು ಎಲ್ಲಿ ಹೋಯ್ತು?"

ಮ್ಯಾನೇಜರ್ ಭಾಸ್ಕರ ನಕ್ಕ. "ಎಡಿಟಿಂಗ್‌ನಲ್ಲಿ ಹೋಯ್ತು ಕಣಮ್ಮ. ಇಲ್ಲೇ ಕಾಯಮ್ಮಾಗಿ ಉಳಿಯೋಕೆ ನಿನಗೆ ಬೇಕಾದ ಪಿಆರ್ ಲೆಟರ್ ನನ್ನ ಟೇಬಲ್ ಮೇಲೇ ಇದೆ, ನನ್ನ ಸೈನ್ ಒಂದೇ ಬಾಕಿ. ನೆನಪಿರಲಿ."

'ಐವತ್ತು ವರ್ಷ, ಶೂನ್ಯ ಅಪಘಾತ' ಎಂಬ ಆ ಪುಸ್ತಕದ ಬಿಡುಗಡೆ ಮೆಲ್ಬರ್ನ್ ಯಾರ್ಡಿನಲ್ಲಿ. ಹೊಸ ಯಂತ್ರ ಮದುಮಗನಂತೆ ಹಾರ ಹಾಕಿಕೊಂಡು ನಿಂತಿತ್ತು. ಬೆರಳು ತೋರಿಸಲು ಯಾರ್ಡಿನ ಅತ್ಯಂತ ಹಳೆಯ ಫಿಟ್ಟರೇ ಬೇಕೆಂದು ಜಪಾನಿನಿಂದ ಬಂದ ಅಧ್ಯಕ್ಷರು ಹಟ ಹಿಡಿದರು. ಅಂಥವನು ಕೆಲಸದಿಂದ ತೆಗೆಯುವ ನೋಟಿಸಿನ ಕೊನೆಯ ವಾರದಲ್ಲಿದ್ದ ಬಾಳಪ್ಪನೊಬ್ಬನೇ.

ಭಾಸ್ಕರ ಓಡಿ ಬಂದ. "ಎಡಗೈ ತೋರ್ಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ!"

"ರೂಲ್ ಬುಕ್ಕಿನ್ಯಾಗ ಬಲಗೈ ಅಂತ ಐತ್ರೀ ಸಾಹೇಬ್ರ. ನೀವೇ ಕಲ್ಸೀರಿ."

ಬಾಳಪ್ಪ ಬಲಗೈ ಚಾಚಿದ. ಬೆರಳಿರಬೇಕಾದಲ್ಲಿ ಬರೀ ಗಾಳಿ. "ಹಳಿ ಸರಿ!"

"ಸರಿ!" ವೇದಿಕೆಯ ಮೇಲಿದ್ದವರು ಅಭ್ಯಾಸಬಲದಿಂದ ಕೂಗಿದರು. ಅವರ ಪಕ್ಕದಲ್ಲೇ ಪುಸ್ತಕದ ತಟ್ಟೆ ಹಿಡಿದಿದ್ದ ಅಹಲ್ಯಾ ಬಾಯಿ ತೆರೆಯಲಿಲ್ಲ.

ಯಂತ್ರ ಓಡಿಸಲು ಒಳಗೆ ಕೂತಿದ್ದ ಜಪಾನಿ ಮುದುಕ ದನಿ ಎಣಿಸಿದ. ವೇದಿಕೆಯ ಮೇಲೆ ಏಳು ಜನ, ದನಿ ಆರೇ. ಕೀಲಿ ಕಿತ್ತು ಜೇಬಿಗಿಳಿಸಿದ.

"ಯಾರು ಕೂಗಲಿಲ್ಲ?" ಅಧ್ಯಕ್ಷರು ಕೇಳಿದರು.

"ನಾನು ಸಾರ್. ಹಳಿ ಸರಿ ಇದೆ. ಪುಸ್ತಕ ಸರಿ ಇಲ್ಲ."

ಅವರು ಬಾಳಪ್ಪನ ಕೈ ನೋಡಿದರು, ಪುಸ್ತಕ ನೋಡಿದರು, ನಿಂತೇ ಇದ್ದ ಯಂತ್ರ ನೋಡಿದರು. ಕ್ಯಾಮೆರಾಗಳೂ ನೋಡುತ್ತಿದ್ದವು. ಭಾಸ್ಕರನ ಪೆನ್ನು ಇಸಿದುಕೊಂಡು ಮುಖಪುಟದ 'ಶೂನ್ಯ' ಹೊಡೆದುಹಾಕಿ 'ಒಂದು' ಎಂದು ಬರೆದರು. ಆಗ ಅಹಲ್ಯಾ ಕೂಗಿದಳು. ಯಂತ್ರ ಹೊರಟಿತು.

ಬಾಳಪ್ಪನಿಗೆ ಉಗ್ರಾಣದಲ್ಲಿ ಕೆಲಸ ಸಿಕ್ಕಿತು. ಅಹಲ್ಯಾಳ ಪಿಆರ್ ಪತ್ರಕ್ಕೂ ಏಳು ಮುದ್ರೆ ಬೇಕೆಂಬ ಹೊಸ ನಿಯಮ ಸೋಮವಾರವೇ ಬಂತು.