ತ್ರಿಯೆಸ್ತೆಗೆ ಹೊರಟ ಎಂಕ

ಹೊಸದಾಗಿ ಹತ್ತಿದವರು ಯಾರಾದರೂ ಇದ್ದೀರಾ ಎಂದು ಸ್ವೀಡಿಷ್‌ನಲ್ಲಿ ಕೇಳುತ್ತ ರೈಲಿನ ಟಿಕೆಟ್ ನೋಡುವವಳು ಬಂದಳು, ಯಾರೂ ತಲೆ ಎತ್ತಲಿಲ್ಲ, ಲಿಂಕೋಪಿಂಗ್‌ನಲ್ಲಿ ಹತ್ತಿದ ವರ್ಷಾ ಮಾತ್ರ ಫೋನು ಚಾಚಿದಳು, ಟಿಕೆಟ್ ಇರಬೇಕಾದ ಜಾಗದಲ್ಲಿ ಅತ್ತೆಯ ಹೆಸರು ಮಿನುಗುತ್ತಿತ್ತು, ಮೈಸೂರಿನಿಂದ, ಮತ್ತೆ — ಪರವಾಗಿಲ್ಲ, ಮಾತಾಡಿ ಎಂಬಂತೆ ಆಕೆ ನಕ್ಕಳು, ವರ್ಷಾ ಕರೆ ಕತ್ತರಿಸಿ ಟಿಕೆಟ್ ತೋರಿಸಿದಳು, ಮಾತಾಡುವುದೇನಿದೆ, ನಿನ್ನೆ ಆಡಿದ್ದೇ ಇವತ್ತೂ, ವರ್ಷಾ, ವರ್ಷ ತುಂಬ್ಲಿ ಕಣಮ್ಮ, ಆಮೇಲೆ ಇಟಲಿಗಾದ್ರೂ ಹೋಗು ಚಂದ್ರಲೋಕಕ್ಕಾದ್ರೂ ಹೋಗು, ಯಾರು ಬೇಡ ಅಂತಾರೆ. ಮಗಳ ಹೆಸರಲ್ಲಿ ಮಳೆಯಿರಲಿ ಎಂದು ಅಪ್ಪ ಇಟ್ಟ ಹೆಸರು, ದತ್ತ ಹೋದಮೇಲೆ ಅದು ಬರೀ ಕ್ಯಾಲೆಂಡರು. ದತ್ತ, ದತ್ತಾತ್ರೇಯ, ಗಂಡ, ಆಫೀಸಿನ ಸ್ವೀಡಿಷರ ಬಾಯಲ್ಲಿ ಡಾಟಾ, ಮಾರ್ಚಿನಲ್ಲಿ ಬ್ಯಾಡ್ಮಿಂಟನ್ ಆಡುತ್ತ ಷಟಲ್ ಎತ್ತಲು ಬಗ್ಗಿದವನು ಏಳಲೇ ಇಲ್ಲ, ಹೃದಯ ಅಂದರು, ಮೂವತ್ತಮೂರು ವರ್ಷದವನಿಗೆ ಹೃದಯ — ಈಗ ನವೆಂಬರ್, ಕಿಟಕಿಯಾಚೆ ಕೊಯ್ದ ಹೊಲ, ಎಲೆ ಉದುರಿಸಿಕೊಂಡು ನಾಚಿಕೆಯಿಲ್ಲದೆ ನಿಂತ ಬರ್ಚ್ ಮರಗಳು. ಮನೆಯಲ್ಲಿ ಕೂರು ಎನ್ನುತ್ತಾರೆ. ತಿಂಗಳು ತಿಂಗಳು ಮಾಸಿಕ ಮಾಡುವವನು ಮೈದುನ ಜೀವನ್, ವಡೆ ತಿನ್ನುವವರು ಪುರೋಹಿತರು, ಪಿಂಡ ಮುಟ್ಟುವುದು ಕಾಗೆ, ಕೂರಬೇಕಾದವಳು ಮಾತ್ರ ಅವಳು. ಯಾಕೆ. ಕೂತರೆ ಯಾರಿಗೆ ಏನು ತಲುಪುತ್ತದೆ.

ಫೋನಿನಲ್ಲಿ ಇಟಲಿಯ ತ್ರಿಯೆಸ್ತೆಯ ಸಮ್ಮೇಳನದವರ ಪುಟ ತೆರೆದೇ ಇದೆ, ಬರುವವರಿಗೆ ಉಪಯುಕ್ತ ಮಾಹಿತಿ, ವಿಮಾನ ನಿಲ್ದಾಣದಿಂದ ಮೇಲ್ಸೇತುವೆ ದಾಟಿದರೆ ರೈಲು ನಿಲ್ದಾಣ, ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಿ, ಮುದ್ರೆಯಿಲ್ಲದಿದ್ದರೆ ಅದು ಟಿಕೆಟ್ಟೇ ಅಲ್ಲ — ಚೆನ್ನಾಗಿದೆ, ಮೈಸೂರಿನ ನ್ಯಾಯವೂ ಇದೇ, ನಾಲ್ಕು ಜನ ನೋಡಿ ಮುದ್ರೆ ಒತ್ತದಿದ್ದರೆ ದುಃಖ ದುಃಖವೇ ಅಲ್ಲ. ಇದನ್ನೆಲ್ಲ ಮೊದಲು ಓದಿದವನು ದತ್ತ, ಚಳಿಗಾಲದಲ್ಲಿ, ಸೋಫಾದ ಮೇಲೆ ಕಾಲು ಚಾಚಿಕೊಂಡು, ಜೊತೆಗೆ ಬರುವವರು ಎಂಬಲ್ಲಿ ತನ್ನ ಹೆಸರು ತಾನೇ ತುಂಬಿ, ಕೇಳೇ ಇಲ್ಲಿ, ತ್ರಿಯೆಸ್ತೆಲಿ ಕಾಫಿಗೆ ಬೇರೆ ಹೆಸರಂತೆ, ಕರೀ ಕಾಫಿಗೆ ನೇರೋ, ಹಾಲು ಹಾಕಿದ್ರೆ ಕಾಪೋ, ಕಾಪೋ ಅಂದ್ರೆ ನಮ್ ಕಾಪಿನೇ ಕಣೇ, ಯಾರೋ ಮೈಸೂರಿನವನೇ ಹೋಗಿ ಹೇಳ್ಕೊಟ್ಟಿರ್ಬೇಕು. ನೀನು ಪೇಪರ್ ಓದು, ನಾನು ಕಾಪೋ ಕುಡೀತೀನಿ. ಪೇಪರು ಅವಳ ನಾಲ್ಕು ವರ್ಷದ ಓದು, ಕಿವಿ ಮಂದವಾದವರು ಗದ್ದಲದ ನಡುವೆ ಒಂದು ದನಿಯನ್ನು ಹೇಗೆ ಹೆಕ್ಕುತ್ತಾರೆ ಎಂಬುದು. ಬೇಕಾದರೆ ಮನೆಯಿಂದಲೇ ವಿಡಿಯೋದಲ್ಲಿ ಓದು ಎಂದಿದ್ದರು ಪ್ರೊಫೆಸರು, ಫಿಕಾ ಎಂಬ ಇವರ ಕಾಫಿ ವಿರಾಮದ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನನ್ನು ಅವಳ ಕಡೆ ಸರಿಸಿ, ಕರುಣೆಯಿಂದಲೇ. ಆ ಕರುಣೆಯೂ ಬೇಡ. ಬನ್ನು ತಿಂದಳು, ಹೋಗುತ್ತೇನೆ ಎಂದಳು.

ಎಲ್ಲಿಂದ ಬಂತು ಈ ಧೈರ್ಯ, ಆ ಒಂದು ಪದದಿಂದಲೇ ಇರಬೇಕು. ಮದುವೆಯಾಗಿ ಬಂದ ವರ್ಷ ತೆರಿಗೆ ಕಚೇರಿಯ ಕಾಗದದಲ್ಲಿ ಅವಳ ಹೆಸರಿನ ಮುಂದೆ ಯಿಫ್ಟ್ ಎಂದಿತ್ತು, ವಿವಾಹಿತೆ, ದತ್ತ ಬಿದ್ದು ಬಿದ್ದು ನಕ್ಕಿದ್ದ, ಇವರ ಭಾಷೇಲಿ ಮದ್ವೆಗೂ ವಿಷಕ್ಕೂ ಒಂದೇ ಮಾತು ಕಣೇ, ಎಂಥಾ ಅನುಭವಸ್ಥರು. ಈ ಏಪ್ರಿಲ್‌ನಲ್ಲಿ ಬಂದ ಕಾಗದದಲ್ಲಿ ಬೇರೆ ಪದ, ವಿಧವೆಗೆ ಇವರು ಅನ್ನುವುದು ಎಂಕಾ, ಅವಳಿಗದು ಗೊತ್ತಿರಲಿಲ್ಲ, ಎಂಕ ಎಂದೇ ಓದಿಕೊಂಡಳು, ನಮ್ಮ ಎಂಕ, ನಾಣಿ, ಸೀನರಲ್ಲಿ ಒಬ್ಬ ಎಂಕ, ಯಾರೋ ದಾರಿಹೋಕ. ಅತ್ತೆ ಫೋನಿನಲ್ಲಿ ಕೇಳಿದ್ದರು, ಕಾಗದ ಬಂತಾ, ಏನಂತ ಬರ್ದಿದಾರೆ. ಎಂಕ ಅಂತ ಬರ್ದಿದಾರೆ ಅತ್ತೆ. ಯಾರೇ ಅವ್ನು ಎಂಕ. ನಾನೇ ಅತ್ತೆ. ಆಮೇಲೆ ಇಬ್ಬರೂ ನಕ್ಕುಬಿಟ್ಟರು, ತಡೆಯಲಾಗದೆ, ಅತ್ತೆಗೆ ಕೆಮ್ಮೇ ಬಂತು, ಅವನು ಹೋದಮೇಲೆ ಮೊದಲ ನಗು. ಮೈಸೂರಲ್ಲಿ ಅವಳು ದತ್ತನ ಹೆಂಡತಿ, ಪಾಪ, ಚಿಕ್ಕ ವಯಸ್ಸು, ಎದುರಿಗೆ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುವ ಜನ. ಎಂಕನಿಗೆ ಯಾರು ಹಿಂದೆ ಸರಿಯುತ್ತಾರೆ. ಎಂಕ ಬಸ್ಸು ಹತ್ತುತ್ತಾನೆ, ಕಾಪೋ ಕುಡಿಯುತ್ತಾನೆ, ಯಾರಪ್ಪನ ಅಪ್ಪಣೆಯೂ ಬೇಡ.

ಮತ್ತೆ ರಿಂಗಾಯಿತು, ಈ ಸಲ ಎತ್ತಿದಳು. ಎಲ್ಲಿದೀಯಮ್ಮ. ಟ್ರೈನಲ್ಲಿ. ಅಂದ್ರೆ ಹೊರಟೇಬಿಟ್ಟೆ. ಹೂಂ ಅತ್ತೆ. ಆ ಕಡೆ ಕುಕ್ಕರ್ ಕೂಗಿತು, ಅತ್ತೆ ಒಲೆ ಸಣ್ಣ ಮಾಡಿ ಬಂದರು, ದನಿಯನ್ನೂ ಸಣ್ಣ ಮಾಡಿಕೊಂಡರು, ಜೀವನ್ ಹೇಳ್ದ, ಅತ್ತಿಗೆ ಹೋಗೋದಾದ್ರೆ ಹೋಗ್ಲಿ, ಅಣ್ಣನ ವರ್ಷಾಬ್ದಿಕಕ್ಕೆ ಮಾತ್ರ ಬರೋದು ಬೇಡ, ನಾಲ್ಕು ಜನ ಕೇಳ್ತಾರೆ ಅಂತ. ಅವಳ ಕೈ ಸೀಟಿನ ಅಂಚನ್ನು ಹಿಡಿದಿತ್ತು. ಅವನ ಹೆಸರನ್ನು, ಗೋತ್ರ ಸಮೇತ, ಡಾಟಾ ಅಲ್ಲ ಪೂರ್ತಿ ದತ್ತಾತ್ರೇಯ, ಗಟ್ಟಿಯಾಗಿ ಹೇಳುವ ದಿನ, ಅಲ್ಲಿ ಅವಳೇ ಇರಬಾರದಂತೆ. ಬರ್ತೀನಿ ಅತ್ತೆ. ಅಯ್ಯೋ, ಬೇಡ ಅಂದ್ನಲ್ಲೇ. ಬಾಗಿಲು ಹಾಕ್ಕೊಂಡ್ರೆ ಜಗಲಿ ಮೇಲೆ ಕೂತ್ಕೋತೀನಿ, ಬಂದವರ ಚಪ್ಪಲಿ ಕಾಯ್ತೀನಿ, ಮಂತ್ರ ಅಲ್ಲೀವರ್ಗೂ ಕೇಳತ್ತೆ. ನೀವೇ ಹೇಳಿ, ನೀವೂ ಎಂಕನೇ ಅಲ್ವಾ. ಮಾವ ಹೋದಾಗ ವರ್ಷಪೂರ್ತಿ ಕೂತ್ರಿ, ನಿಮ್ಮಣ್ಣನ ಮಗಳ ಮದ್ವೆಗೂ ಹೋಗ್ಲಿಲ್ಲ, ಏನ್ ಸಿಕ್ತು. ಅತ್ತೆ ಒಲೆ ಆರಿಸಿ ಬಂದರು. ಏನ್ ಸಿಗತ್ತೆ, ಮಂಡಿನೋವು ಸಿಕ್ತು. ಆಮೇಲೆ, ಮಾತು ತಿರುಗಿಸಿದಂತೆ, ಅಲ್ಲಿ ಮಳೆ ಇದ್ಯಾ, ಛತ್ರಿ ಇಟ್ಕೊಂಡಿದೀಯಾ. ತರಬೇಡಿ ಅಂತ ಬರ್ದಿದಾರೆ ಅತ್ತೆ, ಬೋರಾ ಅಂತ ಗಾಳಿ, ಛತ್ರಿ ಏನು, ಮನುಷ್ಯರನ್ನೇ ತಳ್ಳತ್ತಂತೆ. ಹಂಗಾದ್ರೆ ಏನ್ ಹಿಡ್ಕೊಂಡು ನಡೀತೀಯೇ.

ಏನು ಹಿಡಿದುಕೊಂಡು — ಪುಟದ ಕೊನೆಯಲ್ಲಿ ಅದೂ ಇದೆ, ಹಿಂದೆ ಗಾಳಿಯ ದಿನಗಳಲ್ಲಿ ಬೀದಿಯ ತಿರುವುಗಳಲ್ಲಿ ಹಗ್ಗ ಕಟ್ಟುತ್ತಿದ್ದರು, ಜನ ಅದನ್ನು ಹಿಡಿದು ದಾಟುತ್ತಿದ್ದರು, ನಿಂಗ್ಯಾಕೇ ಹಗ್ಗ, ನನ್ ಜಾಕೆಟ್ ಹಿಡ್ಕೋ ಅಂದಿದ್ದ ದತ್ತ, ಆ ನೀಲಿ ಜಾಕೆಟ್ಟು ದಾನಕ್ಕೆ ಹೋಯಿತು, ಕೇಳಿಸ್ತಿದ್ಯಾ ವರ್ಷಾ, ಅತ್ತೆ ಕೇಳುತ್ತಿದ್ದಾರೆ, ಕೇಳಿಸುತ್ತಿದೆ, ಏನು ಹೇಳುವುದು, ಪುಟದ ಹಳೇ ಫೋಟೋದಲ್ಲಿ ಬಿಗಿದ ಹಗ್ಗ, ಅದಕ್ಕೆ ಜೋತುಬಿದ್ದು ದಾಟುವ ಟೋಪಿಯ ಗಂಡಸರು, ಹೆಂಡಿರ ತೋಳು ಹಿಡಿದವರು, ಈಗ ಕಣ್ಣ ಮುಂದೆ ಹಗ್ಗ ಬಿಚ್ಚಿದ ಬೀದಿ, ಅವಳು ತಿರುವಿಗೆ ಬರುತ್ತಾಳೆ, ಗಾಳಿ ಎದೆಗೇ ಹೊಡೆಯುತ್ತದೆ, ಮುಂದಕ್ಕೆ ಬಾಗುತ್ತಾಳೆ, ಹಿಡಿಯಲು ಏನೂ ಇಲ್ಲ, ಹಗ್ಗವಿಲ್ಲ, ಇನ್ನೂ ಬಾಗುತ್ತಾಳೆ, ಬೀಳುವುದಿಲ್ಲ, ಗಾಳಿಯೇ ಎತ್ತಿ ನಿಲ್ಲಿಸಿದೆ, ತಿರುವು, ಗಾಳಿ, ಹಗ್ಗವಿಲ್ಲ, ಎರಡೂ ಕೈ ಕೋಟಿನ ಜೇಬಿನಲ್ಲಿ, ಹಗ್ಗವಿಲ್ಲ, ಎರಡೂ ಕೈ ಕೋಟಿನ ಜೇಬಿನಲ್ಲಿ