ಮಡಿ ತಪ್ಪಲೆಯಲ್ಲಿ ಏಲ್

ನಾನು ಒಂದು ತಾಮ್ರದ ತಪ್ಪಲೆ. ಸುಮ್ಮನೆ ಪಾತ್ರೆ ಅಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವ ಚೊಂಬೂ ಪಾತ್ರೆಯೇ. ನಾನು ನೂರೈವತ್ತು ಎಲೆಗೆ ಸಾರು ಕುದಿಸಿದವನು, ಮಡಿಯಲ್ಲಿ ಬೆಳೆದವನು.

ನಾಗಮಂಗಲದಲ್ಲಿ ಸಿದ್ದಾಚಾರಿ ಅನ್ನುವ ಕಂಚುಗಾರ ನನ್ನನ್ನು ಬಡಿದು ಬಡಿದು ಮಾಡಿದ. ಹನ್ನೊಂದು ದಿನ ಬಡಿದ. ಕಿವಿ ಇಲ್ಲದ್ದಕ್ಕೆ ಬಚಾವಾದೆ. ಕಡೆಗೆ ಎರಡು ಕಡೆ ಹಿಡಿ ಕೂರಿಸಿ, ಒಳಗೆ ಬೆಳ್ಳಗೆ ಕಲಾಯಿ ಹಾಕಿಸಿ, ತಲೆಯೆತ್ತಿ ನೋಡಿ, "ಇವನು ನನ್ನ ಮೊಮ್ಮಕ್ಕಳನ್ನೂ ಸಾಗಹಾಕ್ತಾನೆ" ಅಂದ. ಆ ಮಾತು ನಿಜವಾಗುವ ಹಾಗಿದೆ. ಅವನ ಮೊಮ್ಮಗ ಈಗ ಹಲ್ಲಿಲ್ಲದ ಮುದುಕ ಅಂತೆ.

ನನ್ನನ್ನು ಕೊಂಡವರು ಮೈಸೂರಿನ ಅಡುಗೆ ವೆಂಕಣ್ಣಯ್ಯ. ಮದುವೆ, ಮುಂಜಿ, ತಿಥಿ, ಯಾವುದಿದ್ದರೂ ನಾವಿಬ್ಬರೂ ಹಾಜರ್. ಅವರ ತಿಳಿಸಾರು ಎಂಥದ್ದೆಂದರೆ, ನನ್ನ ತಳದಲ್ಲಿದ್ದ ಕಲಾಯಿಯ ಗೆರೆಗಳನ್ನು ಮೇಲಿನಿಂದ ಎಣಿಸಬಹುದಿತ್ತು. ಅವರ ಮಗಳು ಅಂಬುಜ ಆಗ ಏಳು ವರ್ಷದ ಹುಡುಗಿ. ಒಲೆ ಮೇಲೆ ಕೂತ ನನ್ನ ಬಾಯಿಗಿಂತ ಒಂದು ಗೇಣು ಎತ್ತರ, ಅಷ್ಟೆ. ಇಣುಕಿ ನೋಡುತ್ತಿದ್ದಳು, ಆದರೆ ಮುಟ್ಟುತ್ತಿರಲಿಲ್ಲ. ಸ್ನಾನ ಮಾಡದೆ ಮುಟ್ಟಿದರೆ ಅಪ್ಪ ಸೌಟಿನಲ್ಲಿ ಬೆರಳಿಗೆ ತಟ್ಟುತ್ತಿದ್ದರು. ವೆಂಕಣ್ಣಯ್ಯನ ಮೂರು ಕಟ್ಟಳೆ ಅವಳಿಗೆ ಆಗಲೇ ಬಾಯಿಪಾಠ. ಕುದ್ದದ್ದನ್ನು ತೆರೆದಿಡಬಾರದು. ಒದ್ದೆ ಕೈ ತಾಗಿಸಬಾರದು. ರುಚಿ ನೋಡಿದ ಸೌಟು ಮತ್ತೆ ಒಳಗೆ ಹೋಗಬಾರದು.

ವೆಂಕಣ್ಣಯ್ಯ ಹೋದ ಮೇಲೆ ಸ್ಟೀಲು ಬಂತು. ಥೂ! ತೂಕವಿಲ್ಲ, ಮಾನವಿಲ್ಲ, ಕೆಳಗೆ ಬಿದ್ದರೆ ಊರಿಗೆಲ್ಲ ಕೇಳುತ್ತದೆ. ಅದನ್ನು ಒಲೆ ಮೇಲೆ ಕೂರಿಸಿ ನನ್ನನ್ನು ಅಟ್ಟಕ್ಕೆ ಹಾಕಿದರು. ಮೂವತ್ತು ವರ್ಷ ಹಳೆ ಪಂಚಾಂಗ ಹೊಟ್ಟೆಯಲ್ಲಿಟ್ಟುಕೊಂಡು ಕೂತೆ. ಅದಕ್ಕೂ ಮುಂಚೆಯೇ ಅಂಬುಜ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಇದೇ ಮನೆಗೆ ವಾಪಸು ಬಂದು, ತಾಯಿಯಿಲ್ಲದ ಅಣ್ಣನ ಮಗ ವಾಮನನನ್ನು ಸಾಕಿ, ಎಲ್ಲರಿಗೂ ಅಂಬುಜತ್ತೆ ಆಗಿದ್ದಳು. ನನಗೆ ಮಾತ್ರ ಅಂಬುಜಾನೇ.

ಒಂದು ದಿನ ಅಟ್ಟದ ಬಾಗಿಲು ಕಿರುಗುಟ್ಟಿತು. ವಾಮನ! ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರು, ಐವತ್ತು ದಾಟಿದ ವಯಸ್ಸು, ಸಣ್ಣ ಹೊಟ್ಟೆ. ಪಂಚಾಂಗಗಳನ್ನು ಸುರಿದು, ನನ್ನನ್ನು ತಬ್ಬಿಕೊಂಡು ಇಳಿಸಿ, ಹೊಸ ಕಲಾಯಿ ಹಾಕಿಸಿದ. ಮತ್ತೆ ಸಾರು ಕುದಿಸುವ ಭಾಗ್ಯ ಬಂತು ಅಂತ ಹಿಗ್ಗಿ ಹೀರೇಕಾಯಿ ಆದೆ.

ಬಂದದ್ದು ಸಾರಲ್ಲ. ವಾಮನನ ಗೆಳೆಯ ಲ್ಯಾನ್ಸಿ, ಪಿಟೀಲು ಕಲಿಸುವ ಮೇಷ್ಟ್ರು, ಒಂದು ಚೀಲ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ತಂದ. ಜೊತೆಗೆ ಕಹಿ ಹಾಪ್ಸ್ ಹೂವು, ಒಂದು ಪೊಟ್ಟಣ ಈಸ್ಟು. "ಏಲ್ ಮಾಡೋಣ ಕಣೋ. ಬಿಯರಿನಲ್ಲೇ ಒಂದು ಜಾತಿ. ಐಸಿನ ಪೆಟ್ಟಿಗೆ ಬೇಡ, ಮೈಸೂರಿನ ಹವಾದಲ್ಲೇ ಆಗುತ್ತೆ. ಮನೇಲಿ ಮಾಡೋರಿಗೆ ಅದೇ ಸರಿ" ಅಂದ.

ಬಿಯರ್! ನನ್ನೊಳಗೆ! ಶಿವ ಶಿವಾ. ಸಿದ್ದಾಚಾರಿ ಕೊಟ್ಟ ಅಷ್ಟೂ ಏಟು ಒಟ್ಟಿಗೆ ನೆನಪಾಯಿತು.

ಅಂಬುಜ ಅಡುಗೆಮನೆ ಬಾಗಿಲಲ್ಲಿ ನಿಂತು, "ಅದೇನೋ ಅಪ್ಪನ ತಪ್ಪಲೇಲಿ?" ಅಂದಳು. ವಾಮನ ಬೆವೆತ. "ಬಾರ್ಲಿ ಕಷಾಯ ಅತ್ತೆ. ನನಗೆ ಮೂತ್ರಪಿಂಡದಲ್ಲಿ ಕಲ್ಲಂತೆ." ಅವನ ಹೆಂಡತಿ ವತ್ಸಲ ತಲೆ ಚಚ್ಚಿಕೊಂಡಳು. ಅಂಬುಜ ಮಾತ್ರ ಬಿಳಿಚಿಕೊಂಡಳು. ಅವಳ ಗಂಡ ಹೋದದ್ದೇ ಆ ಕಲ್ಲಿನ ಕಾಯಿಲೆಯಿಂದ. ದಡ್ಡ ವಾಮನನಿಗೆ ಅದು ನೆನಪೇ ಆಗಲಿಲ್ಲ.

ಮೊದಲ ಸಲ ಪೇಲ್ ಏಲ್, ಅಂದರೆ ತಿಳಿ ಬಣ್ಣದ್ದು. ಬಾರ್ಲಿ ನುಚ್ಚನ್ನು ವಾಮನನ ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಒಂದು ಗಂಟೆ ಬಿಸಿನೀರಲ್ಲಿ ನೆನೆಸಿದರು. ಗಂಟು ತೆಗೆದು, ಹಾಪ್ಸ್ ಹಾಕಿ, ಇನ್ನೊಂದು ಗಂಟೆ ಕುದಿಸಿದರು. ಅಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ಆರಲಿ ಅಂತ ಬಾಯಿ ತೆರೆದಿಟ್ಟರು. ವಾಮನ ಹತ್ತು ನಿಮಿಷಕ್ಕೊಂದು ಸಲ ಬಂದು, ಸೌಟು ಅದ್ದಿ, ನೆಕ್ಕಿ, "ಆಹಾ" ಅಂದು, ಅದೇ ಸೌಟನ್ನು ಮತ್ತೆ ಅದ್ದಿದ. ಗಾಜಿನ ಜಾಡಿಗೆ ಸುರಿದು ಈಸ್ಟು ಹಾಕಿದರು. ಮೂರು ವಾರದ ಮೇಲೆ ಲ್ಯಾನ್ಸಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಹೋಗಿ ಕ್ರೋಟನ್ ಕುಂಡಕ್ಕೆ ಉಗಿದ. ಹುಣಿಸೆ ತೊಳೆದ ನೀರೂ ಅಷ್ಟು ಹುಳಿ ಇರುವುದಿಲ್ಲ.

ಎರಡನೆಯದು ಬ್ರೌನ್ ಏಲ್. ಹುಳಿ. ಮೂರನೆಯದು ಸ್ಟೌಟ್ ಅನ್ನುವ ಕಪ್ಪು ಏಲ್. ಹುಳಿಯ ಜೊತೆಗೆ ವಾಸನೆ. ಕ್ರೋಟನ್ ಗಿಡ ಸತ್ತೇಹೋಯಿತು. ವತ್ಸಲ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇನ್ನೊಂದೇ ಒಂದು ಸಲ. ಅದೂ ಹಾಳಾಯ್ತೋ, ಈ ತಪ್ಪಲೆ ಗುಜರಿಗೆ. ಆಣೆಗೂ ಹಾಕ್ತೀನಿ."

ಗುಜರಿ ಅಂದರೆ ಏನು ಗೊತ್ತೇನ್ರಿ? ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ಕರಗಿಸಿ, ವೈರು ಎಳೆಯುತ್ತಾರೆ. ನೂರೈವತ್ತು ಎಲೆಯ ಸಾರಿನ ತಪ್ಪಲೆ ಯಾರದೋ ಮನೆಯ ಮಿಕ್ಸರಿನ ವೈರಾಗುವುದು! ನನಗೆ ನಿಜವಾಗಿ ಹೆದರಿಕೆಯಾಯಿತು.

ನಾಲ್ಕನೇ ಸಲ ಮತ್ತೆ ಪೇಲ್ ಏಲ್. ವಾಮನ ಸೌಟು ನೆಕ್ಕಿ ಇನ್ನೇನು ಅದ್ದಬೇಕು.

"ಎಂಜಲು ಸೌಟೋ!"

ಅಂಬುಜ. ಎಪ್ಪತ್ತೆಂಟರ ಮುದುಕಿ ಬಂದ ರಭಸಕ್ಕೆ ವಾಮನನ ಕೈಯಿಂದ ಸೌಟು ಹಾರಿತು. "ಅದಕ್ಕೇ ಕಣೋ ಮೂರು ಸಲವೂ ಕೆಟ್ಟಿದ್ದು! ಔಷಧಿಗೆ ಎಂಜಲು ಹಾಕಿದ್ರೆ ಕಲ್ಲು ಕರಗುತ್ತಾ? ಈಚೆಗೆ ಬಾ. ಇನ್ನು ಇದನ್ನ ನಾನು ಮಾಡ್ತೀನಿ."

ಆ ಕಷಾಯ ಚೆಲ್ಲಿಸಿದಳು. ನನ್ನನ್ನು ಹುಣಿಸೆಹಣ್ಣು ಹಾಕಿ ಉಜ್ಜಿದಳು. ಅಬ್ಬಾ, ಆ ಕೈ! ಎಷ್ಟು ವರ್ಷವಾಗಿತ್ತು! ಮಾರನೇ ದಿನ ತಲೆಗೆ ನೀರು ಹುಯ್ದುಕೊಂಡು, ಮಡಿ ಸೀರೆಯುಟ್ಟು, ಗಳದ ಮೇಲೆ ಒಣಗಿದ ಮಡಿ ಬಟ್ಟೆಯಲ್ಲಿ ಬಾರ್ಲಿ ಕಟ್ಟಿದಳು. ಕುದಿ ಮುಗಿದ ಕ್ಷಣ ಮುಚ್ಚಳ ಬಿತ್ತು. ನನ್ನನ್ನು ತಣ್ಣೀರಿನ ತೊಟ್ಟಿಯಲ್ಲಿ ಇಳಿಸಿ ಆರಿಸಿದರು. ಜಾಡಿ, ಜಾಲರಿ, ಸೌಟು, ಎಲ್ಲವೂ ಕುದಿಯುವ ನೀರಲ್ಲಿ ಮುಳುಗಿ ಎದ್ದವು. ಜಾಡಿಗೆ ಸುರಿದು, ವಾಮನ ಕೊಟ್ಟ ಈಸ್ಟು ಹಾಕಿ, ಬಾಯಿಗೆ ಬಟ್ಟೆ ಬಿಗಿದು ಉಪ್ಪಿನಕಾಯಿ ಕೋಣೆಯಲ್ಲಿಟ್ಟಳು. ಮನೆಯಲ್ಲೆಲ್ಲ ತಂಪಾದ ಜಾಗ ಅದು. ಸ್ನಾನ ಮಾಡದವರಿಗೆ ಒಳಗೆ ಪ್ರವೇಶವಿಲ್ಲ.

ವಾಮನನಿಗೆ ನೋಡದೆ ತಡೆಯದು. ದಿನಕ್ಕೆ ಮೂರು ಸಲ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ನಡುಗುತ್ತ ಹೋಗಿ ಜಾಡಿ ನೋಡಿ ಬರುತ್ತಿದ್ದ. ಮೇಲೆ ನೊರೆ ಬಂದಾಗ ಅಂಬುಜ, "ಉಕ್ಕಿದೆ. ದೋಸೆಹಿಟ್ಟೂ ಉಕ್ಕುತ್ತೆ, ಅದಕ್ಕೇನಂತೆ" ಅಂದಳು. ಅವಳು ರುಚಿ ನೋಡಲಿಲ್ಲ. ಅವನ ಔಷಧಿ, ಅವಳು ಯಾಕೆ ಮುಟ್ಟುತ್ತಾಳೆ?

ಜಾಡಿಯಿಂದ ಬಾಟಲಿಗೆ ತುಂಬಿಟ್ಟಿದ್ದನ್ನು ಲ್ಯಾನ್ಸಿ ಬಂದ ದಿನ ತೆಗೆದರು. ನಾನು ಅಡುಗೆಮನೆ ಮೂಲೆಯಲ್ಲಿ ಕೂತಿದ್ದೆ. ನನ್ನ ಜೀವ ಆ ಲೋಟದಲ್ಲಿತ್ತು. ಲ್ಯಾನ್ಸಿ ಒಂದು ಗುಟುಕು ಕುಡಿದ. ಕುಂಡದ ಕಡೆ ಹೋಗಲಿಲ್ಲ. ಇನ್ನೊಂದು ಗುಟುಕು. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿ, ಸೀದಾ ಅಡುಗೆಮನೆ ಬಾಗಿಲಿಗೆ ಬಂದು ಕೈಮುಗಿದುಬಿಟ್ಟ. "ಅಮ್ಮಾ, ಇಂಥ ಬಿಯರ್ ನಾನು ಜನ್ಮದಲ್ಲೇ ಕುಡಿದಿರಲಿಲ್ಲ!"

ವಾಮನ ಹಿಂದಿನಿಂದ ಅವನ ಅಂಗಿ ಜಗ್ಗಿದ. ತಡವಾಗಿತ್ತು.

ಅಂಬುಜ ಬಿಯರ್ ಬಗ್ಗೆ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ. "ಹಾಗಾದ್ರೆ ನಿನಗೆ ಕಲ್ಲಿಲ್ಲವೇನೋ?"

"ಇಲ್ಲ ಅತ್ತೆ."

"ಮೂರು ತಿಂಗಳಿಂದ ಶನಿವಾರ ಶನಿವಾರ ಒಪ್ಪತ್ತು ಮಾಡ್ತಿದ್ದೀನಲ್ಲೋ, ನಿನ್ನ ಕಲ್ಲು ಕರಗಲಿ ಅಂತ. ನಿಮ್ಮ ಮಾವ ಹೇಗೆ ಒದ್ದಾಡಿದ್ರು ಅಂತ ರಾತ್ರಿಯೆಲ್ಲ ಜ್ಞಾಪಿಸಿಕೊಳ್ತಿದ್ದೀನಲ್ಲೋ." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. "ಇದನ್ನ ಆಚೆಗೆ ಹಾಕು. ಇನ್ನು ಒಳಗೆ ಬರಕೂಡದು."

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದೆ. ಅಂಬುಜ ನಾಲ್ಕು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ವಾಮನ ಮೂರು ಹೊತ್ತೂ ತಲೆತಗ್ಗಿಸಿ ಉಂಡ. ಅತ್ತೆಗೇ ಬೇಡವಾದ ಮೇಲೆ ಇನ್ನೇಕೆ ಅಂತ ವತ್ಸಲ ಗುಜರಿಯವನನ್ನು ಕರೆಸಿದಳು. ಅವನು ನನ್ನನ್ನು ತಿರುಗಿಸಿ ತಳಕ್ಕೆ ಬೆರಳಲ್ಲಿ ತಟ್ಟಿ, "ಒಳ್ಳೇ ಮಾಲು" ಅಂದ. ಬದುಕಿನಲ್ಲಿ ಹೊಗಳಿಕೆ ಕೇಳಿ ಅಳು ಬಂದದ್ದು ಅದೊಂದೇ ಸಲ. ಗೋಣಿಚೀಲ ಬಿಚ್ಚಿದ.

ಅಂಬುಜ ಹಿತ್ತಲ ಹೊಸ್ತಿಲಿಗೆ ಬಂದು ನಿಂತಳು. ಗುಜರಿಯವನನ್ನು ನೋಡಲಿಲ್ಲ. ವಾಮನನನ್ನು ನೋಡಿದಳು.

"ಅವನು ಏನಂದ?"

"ಯಾರು ಅತ್ತೆ?"

"ಆ ಪಿಟೀಲಿನವನು. ಹೇಗಿತ್ತಂತೆ?"

ನಾಲ್ಕು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ ಅದು. ವಾಮನ ತೊದಲಿದ. "ತುಂಬ ಚೆನ್ನಾಗಿತ್ತಂತೆ."

"ತಿಳಿಯಾಗಿತ್ತಾ?"

"ಕನ್ನಡಿ ಹಾಗಿತ್ತು ಅತ್ತೆ."

"ಆಗದೆ ಏನು? ಮಡೀಲಿ ಮಾಡಿದ್ದು." ಗುಜರಿಯವನ ಕಡೆ ತಿರುಗಿದಳು. "ಕೆಳಗಿಡಪ್ಪ. ಅದು ನಮ್ಮಪ್ಪನ ತಪ್ಪಲೆ. ಅದರಲ್ಲಿ ಏನೂ ತಾನಾಗಿ ಕೆಟ್ಟಿದ್ದಿಲ್ಲ, ಇವನು ಕೆಡಿಸಿದ. ಇದು ಒಳಗೆ ಬರೋದೂ ಇಲ್ಲ, ನಾನು ಮುಟ್ಟೋದೂ ಇಲ್ಲ, ಆದ್ರೆ ಗುಜರಿಗಂತೂ ಹೋಗೋದಿಲ್ಲ." ಆಮೇಲೆ ವಾಮನನಿಗೆ, "ನಾನು ಹದಿಮೂರು ಶನಿವಾರ ಒಪ್ಪತ್ತು ಮಾಡಿದ್ದೀನಿ. ನೀನು ಇಪ್ಪತ್ತಾರು ಮಾಡು" ಅಂದಳು. ವಾಮನ ಮಾಡಿದ. ಅವನ ಹೊಟ್ಟೆ ಕರಗಿತು, ವತ್ಸಲಳಿಗೆ ಅದೊಂದು ಲಾಭ.

ಇದಾಗಿ ಆರು ವರ್ಷವಾಯಿತು. ಹಿತ್ತಲಲ್ಲಿ ನನಗೆ ಒಂದು ತಗಡಿನ ಸೂರು, ಮೂರು ಕಲ್ಲಿನ ಒಲೆ ಇದೆ. ತಿಂಗಳಿಗೊಮ್ಮೆ ಏಲ್ ಕುದಿಯುತ್ತದೆ. ನನ್ನನ್ನು ಕೇಳಿದರೆ ಪೇಲ್ ಏಲೇ ಕಷ್ಟದ್ದು. ತಿಳಿಸಾರಿನ ಹಾಗೆ, ತಪ್ಪು ಮಾಡಿದರೆ ಅಡಗಿಸಿಕೊಳ್ಳಲು ಜಾಗವೇ ಇಲ್ಲ. ಬ್ರೌನ್ ಏಲ್ ಸಾಧುಪ್ರಾಣಿ, ಒಂದು ಅಚ್ಚು ಬೆಲ್ಲ ಬಿದ್ದರೆ ಹಬ್ಬದ ಮನೆಯ ವಾಸನೆ. ಸ್ಟೌಟ್ ಕಾಫಿಬೀಜದಷ್ಟು ಕಪ್ಪು, ಕುಡಿಯುವವರಿಗೆ ಸುಖ, ಉಜ್ಜಿಸಿಕೊಳ್ಳುವ ನನಗೆ ನರಕ. ನನ್ನ ಪ್ರಾಣ ಇರುವುದು ಗೋಧಿ ಏಲಿನಲ್ಲಿ. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಕೊತ್ತಂಬರಿ ಬಿಸಿಯಾದ ಕೂಡಲೇ ಮದುವೆ ಮನೆಯೇ ಎದ್ದು ಬಂದಂತಾಗುತ್ತದೆ. ಬೀಜ ಹುರಿದು ಹಾಕಬೇಕೆಂದು ಹೇಳಿಕೊಟ್ಟವಳೂ ಅಂಬುಜಾನೇ, ಹೊಸ್ತಿಲಿನಿಂದ.

ಹೌದು, ಈಗ ಹೊಸ್ತಿಲಿನ ಒಳಗೆ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನನಗೂ ಅವಳಿಗೂ ಮೂರು ಮಾರು ದೂರ. "ಮುಚ್ಚೋ!" "ಕೈ ಒರೆಸಿಕೋ!" "ಸೌಟು!" ಎಂದು ಅಲ್ಲಿಂದಲೇ ಗದರುತ್ತಾಳೆ. ಹೆಸರುಗಳು ಅವಳಿಗೆ ಬೇಡ. ತಿಳಿಯದು, ಬೆಲ್ಲದ್ದು, ಕರೀದು, ಕೊತ್ತಂಬರೀದು, ಅಷ್ಟೆ. ಬಾಟಲಿ ತೆಗೆದ ದಿನ ವಾಮನ ಲೋಟವನ್ನು ಬಿಸಿಲಿಗೆ ಹಿಡಿದು ತೋರಿಸುತ್ತಾನೆ. ಅವಳು ಕಣ್ಣು ಕಿರಿದು ಮಾಡಿ ನೋಡಿ ತಲೆಯಾಡಿಸುತ್ತಾಳೆ. ಒಂದು ಹನಿ ನಾಲಿಗೆಗೆ ತಾಗಿಸಿದವಳಲ್ಲ.

ಅಂದಿನಿಂದ ನನ್ನನ್ನು ಮುಟ್ಟಿದವಳೂ ಅಲ್ಲ. ಅದಕ್ಕೆ ನನಗೆ ದುಃಖವಿದೆ, ಸುಳ್ಳು ಯಾಕೆ ಹೇಳಲಿ. ಆ ಹುಣಿಸೆಹಣ್ಣಿನ ಕೈ ಇನ್ನು ನನಗಿಲ್ಲ. ಆದರೆ ಕೆಲಸವೆಲ್ಲ ಮುಗಿದು ವಾಮನ ಒಳಗೆ ಹೋದ ಮೇಲೆ ಅವಳು ನಿಧಾನಕ್ಕೆ ಮೆಟ್ಟಿಲಿಳಿದು ಬರುತ್ತಾಳೆ. ಕೈಯಲ್ಲಿ ಒಂದು ತಂಬಿಗೆ. ನನಗೆ ತಾಗದ ಹಾಗೆ ಒಂದು ಗೇಣು ಮೇಲಿನಿಂದ, ನನ್ನ ಮೈ ಸುತ್ತಲೂ ನೀರು ಹುಯ್ದು ತೊಳೆಯುತ್ತಾಳೆ. ಪಕ್ಕದಲ್ಲೇ ನಲ್ಲಿಯಿದೆ, ಅದರಲ್ಲಿ ಬೇಕಾದಷ್ಟು ತಣ್ಣೀರಿದೆ. ಅವಳು ಒಳಗಿನಿಂದ ಕಾಯಿಸಿದ ನೀರೇ ತರುತ್ತಾಳೆ.